ಕಂಪೌಂಡರನ ಜಿನ್

(ಕಾರವಾರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಜಿನ್ ಎಂಬ ಮದ್ಯದ ಎರಡು ಸಣ್ಣ ಸೀಸೆಗಳನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಕಳಿಸುತ್ತಿದ್ದೇನೆ. ಮುಚ್ಚಳ ತೆಗೆದು ಮೂಸಿ ನೋಡಿ, ಪಕ್ಕದವರಿಗೆ ದಾಟಿಸಿ. ಕುಡಿಯಲು ಕೊಟ್ಟದ್ದಲ್ಲ. ಒಂದಕ್ಕೆ ಬಿಳಿ ಚೀಟಿ ಅಂಟಿಸಿದ್ದೇನೆ, ಇನ್ನೊಂದಕ್ಕೆ ಕೆಂಪು. ಎರಡರಲ್ಲೂ ಬಿದ್ದಿರುವುದು ಅದೇ ಸಾಮಾನು, ಅದೇ ತೂಕ. ಬಿಳಿ ಚೀಟಿಯದು ಎರಡು ದಿನ ನೆನೆದದ್ದು, ಕೆಂಪು ಚೀಟಿಯದು ಹದಿನೈದು ದಿನ. ಮೂಗಿಗೆ ಏನು ಅನಿಸಿತು ಎಂಬುದನ್ನು ನೆನಪಿಟ್ಟುಕೊಳ್ಳಿ. ಸೀಸೆಗಳು ತಿರುಗಿ ನನ್ನ ಮೇಜಿಗೆ ಬರುವ ಹೊತ್ತಿಗೆ ನನ್ನ ಮಾತೂ ಮುಗಿದಿರುತ್ತದೆ.

ನಾನು ಹುಟ್ಟಿದ್ದು ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ. ಮದ್ಯ ಎನ್ನುವ ಮಾತೇ ಆ ಮನೆಯೊಳಗೆ ಬರುತ್ತಿರಲಿಲ್ಲ. ಆದರೆ ಅಪ್ಪಯ್ಯನಿಗೆ ಗಿಡಮೂಲಿಕೆಯ ವೈದ್ಯ ಗೊತ್ತಿತ್ತು. ನಡುಮನೆಯ ಕಪಾಟಿನಲ್ಲಿ ದ್ರಾಕ್ಷಾರಿಷ್ಟ, ಕುಮಾರ್ಯಾಸವದ ಸೀಸೆಗಳು ಸಾಲಾಗಿ ಕೂತಿರುತ್ತಿದ್ದವು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಮೇಲೆ ನನಗೆ ಅದರ ಒಳಗುಟ್ಟು ತಿಳಿಯಿತು. ಆಸವ, ಅರಿಷ್ಟ ಎಂದರೆ ಬೆಲ್ಲ ಮತ್ತು ಧಾತಕಿ ಹೂವು ಸೇರಿಸಿ ಹುಳಿಯಲು ಬಿಟ್ಟ ಔಷಧ. ಅದರೊಳಗೆ ತಾನಾಗಿ ಆಲ್ಕೋಹಾಲ್ ಹುಟ್ಟುತ್ತದೆ. ಬೇರು, ಕಾಯಿ, ತೊಗಟೆಯ ಸತ್ವವನ್ನು ಎಳೆದುಕೊಳ್ಳುವುದೂ ಅದೇ, ಕೆಡದಂತೆ ಕಾಯುವುದೂ ಅದೇ. ಊರಿಗೆಲ್ಲ ಮದ್ದು ಕೊಡುತ್ತಿದ್ದ ನಮ್ಮ ಮನೆಯಲ್ಲಿ ಆಲ್ಕೋಹಾಲಿನಲ್ಲಿ ಸತ್ವ ಇಳಿಸುವ ವಿದ್ಯೆ ತಲೆಮಾರುಗಳಿಂದ ಇತ್ತು.

ಇನ್ನೊಂದು ನೆನಪು. ಪೇಟೆಯ ದವಾಖಾನೆಯಲ್ಲಿ ಡಾಕ್ಟರರ ಪಕ್ಕದ ಕೋಣೆಯಲ್ಲಿ ಕಂಪೌಂಡರ್ ಇರುತ್ತಿದ್ದರು. ದೊಡ್ಡ ಸೀಸೆಗಳಿಂದ ಬಣ್ಣಬಣ್ಣದ ದ್ರವ ಅಳೆದು ಬೆರೆಸಿ, ಸಣ್ಣ ಸೀಸೆಗೆ ತುಂಬಿ, ಡೋಸಿನ ಗುರುತಿಗೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿ ಕೊಡುತ್ತಿದ್ದರು. ಆ ಕೆಂಪು ಮಿಕ್ಸ್ಚರ್ ಕುಡಿದವರು ಈ ಸಭೆಯಲ್ಲಿ ತುಂಬ ಜನ ಇದ್ದೀರಿ, ನಿಮ್ಮ ನಗುವೇ ಹೇಳುತ್ತಿದೆ. ಬ್ರಿಟಿಷ್ ಔಷಧಕೋಶದಲ್ಲಿ ‘ಕಂಪೌಂಡ್ ಟಿಂಕ್ಚರ್ ಆಫ್ ಕಾರ್ಡಮಮ್’ ಎಂಬುದೊಂದಿತ್ತು. ನಮ್ಮ ಏಲಕ್ಕಿ, ಜೊತೆಗೆ ಶೀಮೆ ಜೀರಿಗೆ, ದಾಲ್ಚಿನ್ನಿ, ಬಣ್ಣಕ್ಕೆ ಕೊಚಿನೀಲ್, ಇಷ್ಟನ್ನು ಆಲ್ಕೋಹಾಲಿನಲ್ಲಿ ಇಳಿಸಿದ್ದು. ಕಂಪೌಂಡ್ ಎಂದರೆ ಕೂಡಿಸಿ ಮಾಡಿದ್ದು, ಕಂಪೌಂಡರ್ ಎಂದರೆ ಕೂಡಿಸಿ ಕೊಡುವವ. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ, ಬೇರೆಯವರು ಭಟ್ಟಿ ಇಳಿಸಿದ ಮದ್ಯವನ್ನು ಕೊಂಡು ತಂದು ಪರಿಮಳ ಕೂಡಿಸಿ ಜಿನ್ ಮಾಡುತ್ತಿದ್ದವರ ಕಸುಬಿಗೂ ಇದೇ ಹೆಸರು. ನಾನು ಇವತ್ತು ಮಾತಾಡುವುದು ಆ ಕಂಪೌಂಡ್ ಜಿನ್ ಬಗ್ಗೆ.

ಜಿನ್ ಎಂದರೆ ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಧಾನ್ಯದಿಂದಲೋ ಕಾಕಂಬಿಯಿಂದಲೋ ಇಳಿಸಿದ, ತನ್ನದೇ ರುಚಿ ಇಲ್ಲದ ಶುದ್ಧ ಮದ್ಯಕ್ಕೆ ಜೂನಿಪರ್ ಕಾಯಿಯ ಪರಿಮಳ ಮುಂದಾಗಿ ಕಾಣುವ ಹಾಗೆ ಕೂಡಿಸಿದರೆ ಅದು ಜಿನ್. ಜೂನಿಪರ್ ಇಲ್ಲದೆ ಜಿನ್ ಇಲ್ಲ. ಹೆಸರೇ ಅದರಿಂದ ಬಂದದ್ದು, ಡಚ್ಚರ ‘ಯೆನೇವರ್’ ಇಂಗ್ಲಿಷರ ಬಾಯಲ್ಲಿ ಗಿಡ್ಡವಾಗಿ ಜಿನ್ ಆಯಿತು. ಪರಿಮಳ ಕೂಡಿಸುವ ದಾರಿ ಎರಡು. ಸಾಂಬಾರ ಪದಾರ್ಥ ಹಾಕಿ ಮತ್ತೊಮ್ಮೆ ಭಟ್ಟಿ ಇಳಿಸುವುದು ಒಂದು. ಬರೀ ನೆನೆಸಿ ಸೋಸುವುದು ಇನ್ನೊಂದು. ಎರಡನೆಯದೇ ಕಂಪೌಂಡ್ ಜಿನ್. ಐರೋಪ್ಯ ಒಕ್ಕೂಟದ 2019ರ ನಿಯಮದಲ್ಲಿಯೂ ಭಟ್ಟಿ ಇಳಿಸದೆ ಪರಿಮಳ ಕೂಡಿಸಿದ್ದನ್ನು ‘ಜಿನ್’ ಎಂದು ಕರೆಯಬಹುದು. ‘ಡಿಸ್ಟಿಲ್ಡ್ ಜಿನ್’, ‘ಲಂಡನ್ ಜಿನ್’ ಎನ್ನುವಂತಿಲ್ಲ, ಅಷ್ಟೇ.

ಜಿನ್ ಕಂಡುಹಿಡಿದವನು ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ವೈದ್ಯ ಸಿಲ್ವಿಯಸ್ ಎಂದು ಬಹಳ ಕಡೆ ಓದಿರುತ್ತೀರಿ. ಅದು ಸರಿಯಲ್ಲ. ಅವನು ಹುಟ್ಟಿದ್ದು 1614ರಲ್ಲಿ. 1623ರ ಒಂದು ಇಂಗ್ಲಿಷ್ ನಾಟಕದಲ್ಲಿ ಆಗಲೇ ಈ ಮದ್ಯದ ಹೆಸರು ಬರುತ್ತದೆ. ಒಂಬತ್ತು ವರ್ಷದ ಹುಡುಗ ಅದನ್ನು ಕಂಡುಹಿಡಿದಿರಲಾರ. ಜೂನಿಪರ್ ಯುರೋಪಿನಲ್ಲಿ ಬಹಳ ಹಳೆಯ ಮದ್ದು. ಹೊಟ್ಟೆಗೆ, ಮೂತ್ರದ ತೊಂದರೆಗೆ ಅದನ್ನು ವೈನಿನಲ್ಲಿ ಕುದಿಸಿ ಕೊಡುತ್ತಿದ್ದರು, ಪ್ಲೇಗಿನ ಕಾಲದಲ್ಲಿ ಹೊಗೆ ಹಾಕುತ್ತಿದ್ದರು. ಔಷಧದ ಕಪಾಟಿನಿಂದ ಪಡಖಾನೆಗೆ ಅದು ಮೆಲ್ಲಗೆ ಇಳಿದು ಬಂದದ್ದು, ಒಬ್ಬರ ಹೆಸರಿಗೆ ಬರೆಯಲು ಬರುವುದಿಲ್ಲ. ನಮ್ಮಲ್ಲಿ ಕೂಡ ಈ ಕಾಯಿಗೆ ಹೆಸರಿದೆ. ಆಯುರ್ವೇದದಲ್ಲಿ ಹಪುಷಾ. ಹಿಮಾಲಯದಲ್ಲಿ ಬೆಳೆಯುತ್ತದೆ. ಗೋವೆಯ ಒಂದು ಜಿನ್‌ಗೆ ‘ಹಪೂಸಾ’ ಎಂದು ಹೆಸರಿಟ್ಟದ್ದು ಇದರಿಂದಲೇ.

ಇನ್ನು ಕೇಳಿ, ಇಲ್ಲಿಂದ ಕತೆ ನಮ್ಮ ಕರಾವಳಿಗೆ ತಗಲುತ್ತದೆ. ಜಿನ್‌ಗೆ ಜೂನಿಪರ್ ಒಂದೇ ಸಾಲದು. ಕೊತ್ತಂಬರಿ ಬೀಜ ಬೇಕು, ಏಲಕ್ಕಿ, ಕಾಳುಮೆಣಸು, ದಾಲ್ಚಿನ್ನಿ, ಜಾಯಿಕಾಯಿ, ಕಿತ್ತಳೆ ಜಾತಿಯ ಸಿಪ್ಪೆ ಬೇಕು. ಇವೆಲ್ಲ ಆ ಚಳಿ ದೇಶದವರ ಕೈಗೆ ಸಿಕ್ಕಿದ್ದು ಹೇಗೆ? ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ರೈನ ದ ಪಿಮೆಂಟ’, ಅಂದರೆ ಮೆಣಸಿನ ರಾಣಿ ಎಂದು ಕರೆದರು. ಹದಿನಾರನೆಯ ಶತಮಾನದ ಮಾತು. ಇದೇ ಕಾರವಾರದಲ್ಲಿ 1638ರಲ್ಲಿ ಇಂಗ್ಲಿಷ್ ವರ್ತಕರು ಕೋಠಿ ಹಾಕಿದರು, ಇಲ್ಲಿಂದ ಮಸ್ಲಿನ್ ಬಟ್ಟೆಯ ಜೊತೆ ಹಡಗು ಹತ್ತಿದ ಮುಖ್ಯ ಸರಕು ಮೆಣಸು. ಘಟ್ಟದ ಮೇಲಿನ ತೋಟಗಳಲ್ಲಿ ಈಗಲೂ ಅಡಿಕೆ ಮರಕ್ಕೆ ಹಬ್ಬಿರುವ ಬಿಳಿಮಲ್ಲಿಗೆಸರ, ಕರಿಮಲ್ಲಿಗೆಸರ ಎಂಬ ಮೆಣಸಿನ ಬಳ್ಳಿಗಳನ್ನು ನೋಡುವಾಗ ನನಗೆ ಇದು ನೆನಪಾಗುತ್ತದೆ. ಜಿನ್ ಪರದೇಶದ್ದು ಅನ್ನುತ್ತೇವೆ. ಅದರ ಸಾಮಾನಿನ ಪಟ್ಟಿಯಲ್ಲಿ ಅರ್ಧಕ್ಕರ್ಧ ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಇರುವಂಥದ್ದೇ.

ಇಂಗ್ಲೆಂಡಿಗೆ ಜಿನ್ ಭರದಿಂದ ನುಗ್ಗಿದ್ದು 1688ರ ನಂತರ. ಹಾಲೆಂಡಿನ ವಿಲಿಯಂ ಅಲ್ಲಿಯ ದೊರೆಯಾದ. ಫ್ರಾನ್ಸ್ ಜೊತೆ ಯುದ್ಧ, ಹಾಗಾಗಿ ಫ್ರೆಂಚ್ ಬ್ರಾಂದಿಗೆ ತಡೆ. ದೇಶದ ಧಾನ್ಯದಿಂದ ಮದ್ಯ ಇಳಿಸಲು 1690ರ ಕಾಯ್ದೆ ಬಾಗಿಲು ತೆರೆಯಿತು. ಮುಂದಿನ ಅರುವತ್ತು ವರ್ಷ ಲಂಡನ್ನಿನ ಬಡವರ ಬದುಕನ್ನು ಅಗ್ಗದ ಜಿನ್ ಹಿಂಡಿಹಾಕಿತು. ಸರ್ಕಾರ 1729ರಲ್ಲಿ ಕಾಯ್ದೆ ತಂದಿತು, ಫಲ ಸಿಗಲಿಲ್ಲ. 1736ರಲ್ಲಿ ಚಿಲ್ಲರೆ ಮಾರುವವರಿಗೆ ವರ್ಷಕ್ಕೆ 50 ಪೌಂಡ್ ಪರವಾನಗಿ ಶುಲ್ಕ ಹೇರಿತು. ಅಷ್ಟು ಹಣ ಯಾರ ಹತ್ತಿರ ಇತ್ತು? ವ್ಯಾಪಾರ ಕದ್ದು ನಡೆಯಿತು, ಗಲಭೆಗಳಾದವು. 1751ರ ಕಾಯ್ದೆಯ ಹೊತ್ತಿಗೆ ಭರ ಇಳಿಯತೊಡಗಿತು.

ಆ ಕಾಲದ ಕೆಟ್ಟ ಕಂಪೌಂಡರುಗಳು ದುಬಾರಿ ಜೂನಿಪರ್ ಬದಲು ಟರ್ಪೆಂಟೈನ್ ಹಾಕುತ್ತಿದ್ದರು, ಚುರುಕು ಬರಲಿ ಎಂದು ಗಂಧಕಾಮ್ಲ ಸೇರಿಸುತ್ತಿದ್ದರು. ಟರ್ಪೆಂಟೈನ್ ಗೊತ್ತಲ್ಲ, ಬಾಗಿಲಿಗೆ ಬಣ್ಣ ಬಳಿಯುವಾಗ ಬೆರೆಸುವಂಥದ್ದು. ಅದೇ ಯಾಕೆ? ರಸಾಯನಶಾಸ್ತ್ರದ ಮೇಷ್ಟ್ರಾಗಿ ನನಗೆ ಇದು ಬಹಳ ಮುಖ್ಯವಾದ ಜಾಗ. ಜೂನಿಪರ್ ಕಾಯಿಯ ತೈಲದಲ್ಲಿ ಹೆಚ್ಚಾಗಿ ಇರುವುದು ಪೈನೀನ್ ಎಂಬ ವಸ್ತು. ಪೈನ್ ಮರದ ರಾಳದಿಂದ ಬರುವ ಟರ್ಪೆಂಟೈನಿನಲ್ಲೂ ಅದೇ ಪೈನೀನ್. ಮೂಗಿಗೆ ಮೋಸ ಮಾಡಲು ಅಷ್ಟು ಸಾಕಾಗಿತ್ತು. ಮೂಗು ಒಪ್ಪಿದ್ದನ್ನು ಹೊಟ್ಟೆ ಒಪ್ಪಲಿಲ್ಲ.

ಎರಡನೆಯ ಸಲ ಕಂಪೌಂಡ್ ಜಿನ್ ಹೆಸರು ಕೆಡಿಸಿಕೊಂಡದ್ದು ಅಮೆರಿಕದಲ್ಲಿ. ಅಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಜನ ಸಿಕ್ಕಿದ ಆಲ್ಕೋಹಾಲಿಗೆ ನೀರು, ಜೂನಿಪರ್ ಎಣ್ಣೆ, ಗ್ಲಿಸರಿನ್ ಬೆರೆಸಿ ಮನೆಯಲ್ಲೇ ಜಿನ್ ಮಾಡಿಕೊಂಡರು. ಅದಕ್ಕೆ ‘ಬಾತ್‌ಟಬ್ ಜಿನ್’ ಎಂಬ ಹೆಸರು ಬಿತ್ತು. ಸ್ನಾನದ ತೊಟ್ಟಿಯಲ್ಲಿ ಕಲಸುತ್ತಿದ್ದರು ಎನ್ನುವವರೂ ಇದ್ದಾರೆ, ಎತ್ತರದ ಬಾಟಲಿ ಅಡುಗೆಮನೆಯ ನಲ್ಲಿಯ ಅಡಿಗೆ ಹಿಡಿಸದ್ದರಿಂದ ಬಚ್ಚಲ ನಲ್ಲಿಗೆ ಹಿಡಿದು ನೀರು ತುಂಬುತ್ತಿದ್ದರು ಎನ್ನುವವರೂ ಇದ್ದಾರೆ. ಅನಾಹುತ ಬಂದದ್ದು ತೊಟ್ಟಿಯಿಂದಲ್ಲ, ಜೂನಿಪರಿನಿಂದಲೂ ಅಲ್ಲ. ಕಾರ್ಖಾನೆಗೆಂದು ತಯಾರಾದ ಆಲ್ಕೋಹಾಲಿಗೆ, ಯಾರೂ ಕುಡಿಯಬಾರದೆಂದು ಮೆಥನಾಲ್ ಎಂಬ ವಿಷ ಬೆರೆಸುತ್ತಿದ್ದರು. ಇಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿಯ ಸರ್ಕಾರ ಆ ಪ್ರಮಾಣವನ್ನು ಹೆಚ್ಚಿಸಿತು. ಕದ್ದು ಮಾರುವವರು ಅದನ್ನೇ ಜಿನ್ ಮಾಡಿದರು. ಜನ ಸತ್ತರು, ಕಣ್ಣು ಕಳೆದುಕೊಂಡರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ತೋಟಕ್ಕೆ ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಯಲು ಒಬ್ಬ ಕೊನೆಗೌಡ ಬರುತ್ತಿದ್ದ. ನಾನು ಹೈಸ್ಕೂಲಿನಲ್ಲಿದ್ದಾಗಿನ ಮಾತು. ಒಂದು ಮರದ ತುದಿಯಿಂದ ಇನ್ನೊಂದು ಮರಕ್ಕೆ ತೂಗಿ ದಾಟುವುದರಲ್ಲಿ ಅವನಷ್ಟು ಚುರುಕಿನವರನ್ನು ನಾನು ಆಮೇಲೆ ನೋಡಲಿಲ್ಲ. ಒಂದು ರಾತ್ರಿ ಎಲ್ಲಿಯದೋ ಕಳ್ಳಭಟ್ಟಿ ಕುಡಿದ. ಮರುದಿನ ಕಣ್ಣು ಮಂಜಾಯಿತು ಅಂದ. ಎರಡು ದಿನದಲ್ಲಿ ಪೂರ್ತಿ ಹೋಯಿತು. ಆಮೇಲೆ ಅವನು ನಮ್ಮ ಅಂಗಳದ ತುದಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದ. ಮರದ ಮೇಲಿಂದ ಬೇರೆಯವರು ಕೊನೆ ಇಳಿಸುವ ಹಗ್ಗದ ಸದ್ದು ಕೇಳಿದರೆ ತಲೆ ಎತ್ತುತ್ತಿದ್ದ. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷಗಳ ಮೇಲೆ. ಓದಿದ ದಿನ ಅವನ ಮುಖ ನೆನಪಾಯಿತು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಇಂಥದೇ ಮದ್ಯದಿಂದ. ಮೆಥನಾಲನ್ನು ಮೂಗಾಗಲಿ ನಾಲಿಗೆಯಾಗಲಿ ಗುರುತಿಸಲಾರದು. ಬೆಂಕಿ ಹಚ್ಚಿ ಉರಿಯ ಬಣ್ಣ ನೋಡಿ ಹೇಳುತ್ತೇನೆ ಎನ್ನುವವರ ಮಾತು ನಂಬಬೇಡಿ.

ಹಾಗಾದರೆ ನೆನೆಸುವ ವಿದ್ಯೆಯ ಮೇಲೆ ನಾನು ಯಾಕೆ ಮಾತಾಡುತ್ತಿದ್ದೇನೆ? ಎರಡೂ ಸಲ ತಪ್ಪು ಮಾಡಿದ್ದು ನೆನೆಸಲು ಬಳಸಿದ ತಳದ ಮದ್ಯ ಮತ್ತು ಕಲಬೆರಕೆ. ನೆನೆಸುವುದರಿಂದ ಮೆಥನಾಲ್ ಹುಟ್ಟುವುದಿಲ್ಲ. ಮುನ್ನೂರು ವರ್ಷದಿಂದ ಕಂಪೌಂಡ್ ಜಿನ್ ಹೊತ್ತುಕೊಂಡು ಬಂದಿರುವ ಕೆಟ್ಟ ಹೆಸರು ಬೇರೆಯವರದ್ದು. ಪಕ್ಕದ ಗೋವೆಯಲ್ಲೇ ನೋಡಿ. ಗೇರುಹಣ್ಣಿನ ಫೆನಿಗೆ ದುಕ್ಶಿರಿ ಬೇರು ಹಾಕಿ ನೆನೆಸಿಡುವ ರೂಢಿ ಇದೆ. ಗಡಿಯ ಮಾಜಾಳಿಯಿಂದ ಬಂದವರು ತಲೆ ಆಡಿಸುತ್ತಿದ್ದೀರಿ. ದುಕ್ಶಿರಿ ಎಂದರೆ ನಮ್ಮ ಸೊಗದೆ ಬೇರು, ಬೇಸಿಗೆಯಲ್ಲಿ ಶರಬತ್ತು ಮಾಡುವಂಥದ್ದು. ಅದರ ಪರಿಮಳಕ್ಕೆ ಕಾರಣವಾದ ವಸ್ತು ವೆನಿಲಾದ ವೆನಿಲಿನ್‌ಗೆ ಒಡಹುಟ್ಟು. ಅವೇ ಪರಮಾಣುಗಳು, ಜೋಡಣೆಯಲ್ಲಿ ಮಾತ್ರ ಸಣ್ಣ ವ್ಯತ್ಯಾಸ. ಅದಕ್ಕೇ ಆ ಬೇರನ್ನು ಮುರಿದರೆ ವೆನಿಲಾ ನೆನಪಾಗುವುದು.

ಕಾನೂನಿನ ಮಾತನ್ನು ಬಿಡಿಸಿ ಹೇಳಬೇಕು. ಪರವಾನಗಿ ಇಲ್ಲದೆ ಮನೆಯಲ್ಲಿ ಭಟ್ಟಿ ಇಳಿಸುವುದು ಅಪರಾಧ. ನೆನೆಸಿದ್ದನ್ನು ಮಾರುವುದೂ ಅಪರಾಧ. ಸ್ವಂತಕ್ಕೆ ಒಂದು ಬಾಟಲಿ ನೆನೆಸುವುದಾದರೂ ಅಬಕಾರಿ ಕಚೇರಿಯಲ್ಲಿ ಕೇಳಿ ತಿಳಿದುಕೊಂಡೇ ಮುಂದುವರಿಯಿರಿ. ತಳದ ಮದ್ಯ ಪರವಾನಗಿ ಇರುವ ಅಂಗಡಿಯಲ್ಲಿ, ಸೀಲು ಒಡೆಯದ ಬಾಟಲಿಯಲ್ಲೇ ಕೊಂಡದ್ದಾಗಿರಬೇಕು. ಗಡಿಯಾಚೆಯಿಂದ ಹೊತ್ತು ತಂದದ್ದು ಬೇಡ.

ಈಗ ಮಾಡುವ ಬಗೆ. 750 ಮಿಲಿಲೀಟರ್ ಸಾದಾ ವೋಡ್ಕಾ, ಯಾವ ಪರಿಮಳವೂ ಸೇರಿಸದ್ದು. ಬಾಟಲಿಯ ಮೇಲೆ 42.8 ಶೇಕಡಾ ಎಂದು ಬರೆದಿರುತ್ತದೆ. ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಮದ್ಯದ ಬಲ ಅಳೆಯುವ ಬ್ರಿಟಿಷರ ಪ್ರೂಫ್ ಲೆಕ್ಕದಲ್ಲಿ 100 ಎಂದರೆ ಸುಮಾರು 57 ಶೇಕಡಾ. ಅದರ ಮುಕ್ಕಾಲು, ಅಂದರೆ 75 ಪ್ರೂಫ್, ನಮ್ಮ 42.8. ಅವರು ಹೋದರೂ ಅವರ ಲೆಕ್ಕ ನಮ್ಮ ಬಾಟಲಿಯ ಮೇಲೆ ಉಳಿದಿದೆ.

ಒಣ ಜೂನಿಪರ್ ಕಾಯಿ 20 ಗ್ರಾಂ. ಇದು ನಿಜಕ್ಕೂ ಕಾಯಿಯಲ್ಲ, ಪೈನ್ ಮರದ ಕೋನ್ ಇರುತ್ತದಲ್ಲ, ಅದರ ಎಸಳುಗಳು ಕೂಡಿಕೊಂಡು ತಿರುಳಾದದ್ದು. ಬಲಿಯಲು ಎರಡು ಮೂರು ವರ್ಷ ಬೇಕು. ಗ್ರಂಧಿಗೆ ಅಂಗಡಿಯಲ್ಲಿ ಹಪುಷಾ ಎಂದು ಕೇಳಬಹುದು. ಆದರೆ ಜಾತಿ ಯಾವುದೆಂದು ಖಾತ್ರಿ ಇಲ್ಲದಿದ್ದರೆ ಬಿಟ್ಟುಬಿಡಿ, ಜೂನಿಪರ್ ಕುಲದಲ್ಲಿ ವಿಷದ ಜಾತಿಗಳೂ ಇವೆ. ಅಡುಗೆಗೆಂದು ಪೊಟ್ಟಣದಲ್ಲಿ ಮಾರುವುದೇ ಒಳ್ಳೆಯದು. ಬೆರಳಲ್ಲಿ ಒತ್ತಿದರೆ ಮೆತ್ತಗೆ ಬಗ್ಗಿ ರಾಳದ ವಾಸನೆ ಬರಬೇಕು. ಕಲ್ಲಿನ ಹಾಗೆ ಗಟ್ಟಿಯಾದದ್ದರಲ್ಲಿ ತೈಲ ಉಳಿದಿರುವುದಿಲ್ಲ.

ಕೊತ್ತಂಬರಿ ಬೀಜ 8 ಗ್ರಾಂ, ಸುಮ್ಮನೆ ಒಡೆದದ್ದು, ಪುಡಿ ಬೇಡ. ಸೊಗದೆ ಬೇರು ಒಂದು ಬೆರಳ ಗೆಣ್ಣಿನಷ್ಟು. ಇವು ಮೂರನ್ನು ಮೊದಲ ದಿನವೇ ಗಾಜಿನ ಜಾಡಿಗೆ ಹಾಕಿ ವೋಡ್ಕಾ ಸುರಿಯಿರಿ. ಜಾಡಿ ಗಾಜಿನದೇ ಆಗಬೇಕು. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಎಷ್ಟು ತೊಳೆದರೂ ಆ ವಾಸನೆ ಹೋಗದು, ಹಳೆಯ ಪಿಂಗಾಣಿಯ ಹೊಳಪಿನಲ್ಲಿ ಸೀಸ ಇದ್ದರೆ ಅದು ಬೇರೆ ಅಪಾಯ. ಒಲೆಯ ಹತ್ತಿರ ಸುಳಿಯಬೇಡಿ. ಬಿಸಿ ಮಾಡಿದರೆ ಬೇಗ ಇಳಿಯುತ್ತದೆ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ.

ಇಪ್ಪತ್ತನಾಲ್ಕು ಗಂಟೆಯ ಮೇಲೆ ಎರಡನೆಯ ಕಂತು. ಏಲಕ್ಕಿ ಮೂರು, ಸಿಪ್ಪೆ ಸೀಳಿದ್ದು. ದಾಲ್ಚಿನ್ನಿ ಚಕ್ಕೆ ಉಗುರಿನಷ್ಟು. ಕಾಳುಮೆಣಸು ಐದು ಕಾಳು. ಐದೇ ಯಾಕೆ ಎಂದರೆ, ಮೆಣಸಿನ ಪರಿಮಳ ಒಂದು ವಸ್ತುವಿನದು, ಖಾರ ಇನ್ನೊಂದರದು. ಪರಿಮಳ ಕೊಡುವ ತೈಲ ಆವಿಯಾಗುತ್ತದೆ. ಖಾರ ಕೊಡುವ ಪೈಪರಿನ್ ಆವಿಯಾಗುವುದಿಲ್ಲ. ಭಟ್ಟಿ ಇಳಿಸುವಾಗ ಪರಿಮಳ ಮೇಲೆ ಹೋಗಿ ಖಾರ ಹಂಡೆಯ ತಳದಲ್ಲೇ ಕೂತುಬಿಡುತ್ತದೆ. ನೆನೆಸಿದಾಗ ಎರಡೂ ಬರುತ್ತವೆ. ಬಣ್ಣ, ಒಗರು, ಕಹಿ ಎಲ್ಲವೂ ಹೀಗೆಯೇ. ಭಟ್ಟಿಯ ಜಿನ್ ನೀರಿನಂತೆ ತಿಳಿ, ನೆನೆಸಿದ್ದು ತೆಳು ಚಹಾದ ಬಣ್ಣ. ದೊಡ್ಡ ಜಿನ್ ಕಂಪನಿಗಳ ಪಾಕವನ್ನು ಹಾಗೇ ನಕಲು ಮಾಡಿ ನೆನೆಸಿದವರು ಕೆಡಿಸಿಕೊಳ್ಳುವುದು ಇಲ್ಲಿ. ಅಲ್ಲಿ ಹಂಡೆ ತಡೆದು ಹಿಡಿಯುತ್ತಿದ್ದುದನ್ನು ಇಲ್ಲಿ ನಮ್ಮ ಕೈ ಅಳತೆಯೇ ತಡೆಯಬೇಕು.

ಕಾರವಾರದವರಿಗೆಂದೇ ಒಂದು ಮಾತು. ಬಂಗಡೆ ಮೀನಿನ ಹುಮಣಕ್ಕೆ ಹಾಕುವ ತೆಪ್ಪಲ ಇದೆಯಲ್ಲ, ಘಟ್ಟದ ಮೇಲೆ ಜುಮ್ಮನಕಾಯಿ ಅನ್ನುತ್ತೇವೆ. ಒಳಗಿನ ಕರಿ ಬೀಜ ತೆಗೆದು ಬರೀ ಸಿಪ್ಪೆ ಎರಡು ಹಾಕಿ ನೋಡಿ. ನಿಂಬೆ ಸಿಪ್ಪೆಯಂಥ ವಾಸನೆ, ನಾಲಿಗೆಗೆ ಸಣ್ಣ ಜುಮ್ಮು. ನನ್ನ ಮಟ್ಟಿಗೆ ಅದು ಮೆಣಸಿಗಿಂತ ಒಂದು ಕೈ ಮೇಲು. ಜಾಯಿಕಾಯಿ ಚಿಟಿಕೆಗಿಂತ ಹೆಚ್ಚು ಹಾಕುವಂತಿಲ್ಲ, ಹೆಚ್ಚಾದರೆ ಅದೇ ನಂಜು. ಬಜೆ ಬೇಡ. ಕಾಡಿನಲ್ಲಿ ಸಿಕ್ಕಿದ ಗುರುತಿಲ್ಲದ ಬೇರು, ಬೀಜ ಯಾವುದೂ ಬೇಡ. ನಮ್ಮ ಕರಾವಳಿಯ ಬೇಲಿಯಲ್ಲೇ ವಿಷದ ಬೀಜದ ಕಾಸರಕ ಬೆಳೆಯುತ್ತದೆ ಎನ್ನುವುದು ನೆನಪಿರಲಿ. ಮುರುಗಲು ಹಾಕಬಹುದೇ ಎಂದು ಆಗ ಒಬ್ಬರು ಕೇಳಿದರು. ಹಾಕಬಹುದು, ಆದರೆ ಹುಳಿಯೂ ಕೆಂಪೂ ಜೂನಿಪರನ್ನು ಮುಚ್ಚಿಬಿಡುತ್ತವೆ. ಮುರುಗಲನ್ನು ಲೋಟದ ಹಂತಕ್ಕೆ ಇಟ್ಟುಕೊಳ್ಳಿ, ಶರಬತ್ತಿನ ರೂಪದಲ್ಲಿ.

ಕೊನೆಯ ಆರು ಗಂಟೆ ಸಿಪ್ಪೆಗೆ. ಒಂದು ನಿಂಬೆಯ ಹಸಿರು ಸಿಪ್ಪೆ, ಅಥವಾ ಕಂಚಿಕಾಯಿಯದ್ದಾದರೆ ಎರಡು ಬೆರಳಗಲ. ಒಳಗಿನ ಬಿಳಿ ಭಾಗ ಬಂದರೆ ಕಹಿ ಬಂತೆಂದೇ ಲೆಕ್ಕ. ಹೀಗೆ ಒಟ್ಟು ನಲವತ್ತೆಂಟು ಗಂಟೆ. ಎರಡನೆಯ ದಿನ ಬೆಳಿಗ್ಗೆಯಿಂದಲೇ ಒಂದು ಹನಿ ನೀರಿನಲ್ಲಿ ಬೆರೆಸಿ ನಾಲಿಗೆಗೆ ಮುಟ್ಟಿಸಿ ನೋಡುತ್ತಿರಿ. ಪಾಕದ ಎಳೆ ನೋಡುವ ಹಾಗೆ. ತೆಳು ಬಟ್ಟೆಯಲ್ಲಿ ಒಮ್ಮೆ, ಕಾಫಿಯ ಫಿಲ್ಟರ್ ಕಾಗದದಲ್ಲಿ ಇನ್ನೊಮ್ಮೆ ಸೋಸಿ, ಬಾಟಲಿಗೆ ತುಂಬಿ ಮೂರು ದಿನ ಮುಟ್ಟದೆ ಬಿಡಿ. ಗರ್ಭಿಣಿಯರಿಗೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಇದನ್ನು ಕೊಡಲೇಬೇಡಿ. ಮದ್ಯದ ಜೊತೆಗೆ ಜೂನಿಪರೂ ಅವರಿಗೆ ಆಗದು.

ಜಿನ್ ಜೊತೆ ಬೆರೆಸುವ ಟಾನಿಕ್ ನೀರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಜಿಲ್ಲೆಯಲ್ಲಿ ನಿಂತು ಜಿನ್ ಬಗ್ಗೆ ಮಾತಾಡಿದಂತಾಗದು. ಅದರ ಕಹಿ ಚಳಿಜ್ವರದ ಮದ್ದಾದ ಕ್ವಿನೈನಿನದು. ಸಿಂಕೋನ ತೊಗಟೆಯಿಂದ ಅದನ್ನು 1820ರಲ್ಲಿ ಪ್ಯಾರಿಸ್ಸಿನಲ್ಲಿ ಬೇರ್ಪಡಿಸಿದರು. 1858ರಲ್ಲಿ ಲಂಡನ್ನಿನಲ್ಲಿ ಟಾನಿಕ್ ನೀರಿಗೆ ಪೇಟೆಂಟ್ ಆಯಿತು. ನೀಲಗಿರಿಯಲ್ಲಿ ಸಿಂಕೋನ ತೋಟ ಎದ್ದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ, ಅರುವತ್ತರ ದಶಕದಲ್ಲಿ. ದೊರೆಗಳು ಕ್ವಿನೈನನ್ನು ಜಿನ್ ಬೆರೆಸಿ ಸಂಜೆ ಕುಡಿದರು. ಯಲ್ಲಾಪುರ, ಸೂಪಾ ಕಡೆ ಚಳಿಜ್ವರಕ್ಕೆ ಊರಿಗೆ ಊರೇ ಬರಿದಾಗುತ್ತಿತ್ತು. ನಮ್ಮಜ್ಜಿ ಕ್ವಿನೈನ್ ಗುಳಿಗೆಯನ್ನು ಬಾಳೆಹಣ್ಣಿನ ಚೂರಿನಲ್ಲಿ ಹುದುಗಿಸಿ ನುಂಗುತ್ತಿದ್ದಳಂತೆ. 1940ರ ದಶಕದ ನಡುವೆ ಕೆನರಾ, ಧಾರವಾಡ ಜಿಲ್ಲೆಗಳಲ್ಲಿ ಡಿಡಿಟಿ ಸಿಂಪಡಿಸಿದ ಮೇಲೆಯೇ ಆ ಜ್ವರ ಹಿಡಿತಕ್ಕೆ ಬಂದದ್ದು. ಈಗಲೂ ಟಾನಿಕ್ ನೀರಿನ ಮೊದಲ ಗುಟುಕಿಗೆ ನನಗೆ ನೆನಪಾಗುವುದು ಆ ಬಾಳೆಹಣ್ಣು.

ಸೀಸೆಗಳು ಬಂದವು. ಕೆಂಪು ಚೀಟಿಯದಕ್ಕೆ ಕಷಾಯದ ವಾಸನೆ ಎಂದು ಹಿಂದಿನಿಂದ ಯಾರೋ ಹೇಳಿದರು. ಸರಿಯಾದ ಮಾತು. ಹದಿನೈದು ದಿನದಲ್ಲಿ ದಾಲ್ಚಿನ್ನಿ ಉಳಿದವರನ್ನೆಲ್ಲ ತಳ್ಳಿ ಮುಂದೆ ಬಂದಿದೆ, ನಿಂಬೆ ಸಿಪ್ಪೆ ಬೆಂದ ಹಾಗಾಗಿದೆ. ಬಾಯಿಗೆ ಹಾಕಿದರೆ ಒಗರು, ಗಂಟಲಲ್ಲಿ ಖಾರ. ಬಿಳಿ ಚೀಟಿಯದರಲ್ಲಿ ಜೂನಿಪರ್ ಮೊದಲು, ಆಮೇಲೆ ನಿಂಬೆ, ಕಡೆಗೆ ಏಲಕ್ಕಿ, ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ. ಇದನ್ನು ಈ ಲೋಟಕ್ಕೆ ಸುರಿದು ತಣ್ಣೀರು ಹಾಕುತ್ತೇನೆ, ದೀಪದ ಕಡೆ ಹಿಡಿದಿದ್ದೇನೆ, ನೋಡಿ. ತಿಳಿಯಾಗಿದ್ದದ್ದು ಮಸುಕಾಯಿತು, ಕಾಳಿ ನದಿಯ ಮೇಲೆ ಬೆಳಗಿನ ಮಂಜು ಕೂತ ಹಾಗೆ. ಹಾಳಾದದ್ದಲ್ಲ. ನೀರು ಹೆಚ್ಚಿ ಆಲ್ಕೋಹಾಲ್ ತೆಳುವಾದಾಗ, ಅದು ಕರಗಿಸಿ ಹಿಡಿದಿದ್ದ ತೈಲ ಸಣ್ಣ ಸಣ್ಣ ಹನಿಯಾಗಿ ಹೊರಬರುತ್ತದೆ. ಹತ್ತಿರ ಬಂದು ನೋಡುವವರು ಬನ್ನಿ, ಮಸುಕು ಇನ್ನೂ ಸ್ವಲ್ಪ ಹೊತ್ತು ಇರುತ್ತದೆ.